‘ಒಂದು ಕಪ್ ಪುಡಿ ಮಾಡಿದ ಬಾದಾಮಿ’: ಅಳತೆ ಯಾವುದಕ್ಕೆ?

ಪ್ರಶ್ನೆ: ಇಂಗ್ಲಿಷ್ ಅಡುಗೆ ಬರಹಗಳಲ್ಲಿ ಬಾದಾಮಿಯನ್ನು ಅಳೆದು ಆಮೇಲೆ ಪುಡಿ ಮಾಡುವುದಕ್ಕೂ ಪುಡಿಯನ್ನೇ ಅಳೆಯುವುದಕ್ಕೂ ಬೇರೆಬೇರೆ ವಾಕ್ಯರಚನೆ ಇದೆ. ಕನ್ನಡಕ್ಕೆ ತಂದಾಗ ಎರಡೂ ‘ಒಂದು ಕಪ್ ಪುಡಿ ಮಾಡಿದ ಬಾದಾಮಿ’ ಆಗಿಬಿಡುತ್ತವೆ. ಬೇರ್ಪಡಿಸುವುದು ಹೇಗೆ? ‘ಕಪ್’ ಬದಲು ‘ಪಾವು’ ಬಳಸಬಹುದೇ?

ಉತ್ತರ: ಅಳತೆಯನ್ನು ಕೊನೆಗೆ ತನ್ನಿ. ‘ಬಾದಾಮಿ ಪುಡಿ – 1 ಕಪ್’ ಎಂದರೆ ಅಳೆಯುವುದು ಪುಡಿಯನ್ನು. ಇನ್ನೊಂದಕ್ಕೆ ‘ಇಡೀ ಬಾದಾಮಿ – 1 ಕಪ್’ ಎಂದು ಬರೆದು, ಪುಡಿ ಮಾಡುವ ಮಾತನ್ನು ವಿಧಾನದಲ್ಲಿ ಹೇಳಿ. ‘ಪುಡಿ ಮಾಡಿದ’ ಎಂಬುದನ್ನು ಸಾಮಗ್ರಿಪಟ್ಟಿಯಿಂದ ತೆಗೆದುಬಿಡುವುದೇ ಮೇಲು.

ಇದು ಬರೀ ವ್ಯಾಕರಣದ ತಕರಾರಲ್ಲ. 240 ಮಿಲಿ ಕಪ್ಪಿನಲ್ಲಿ ಇಡೀ ಬಾದಾಮಿ ಸುಮಾರು 143 ಗ್ರಾಂ ಹಿಡಿದರೆ ಪುಡಿ 95 ಗ್ರಾಂ ಮಾತ್ರ. ಅಂದರೆ ಒಂದು ಕಪ್ ಬಾದಾಮಿ ಪುಡಿಯಾದಾಗ ಒಂದೂವರೆ ಕಪ್ ಆಗುತ್ತದೆ. ಬರ್ಫಿಗೆ ಅರ್ಧ ಕಪ್ ಸಕ್ಕರೆ, ಎಂದರೆ 100 ಗ್ರಾಂ, ಹಾಕಿದಿರೆನ್ನಿ. ಇಡೀ ಬಾದಾಮಿ ಅಳೆದಿದ್ದರೆ ಸಕ್ಕರೆ ಬಾದಾಮಿಯ ಮುಕ್ಕಾಲಿಗಿಂತ ಕಡಿಮೆ. ಪುಡಿಯನ್ನು ಅಳೆದಿದ್ದರೆ ಬಾದಾಮಿಗಿಂತ ಸಕ್ಕರೆಯೇ ಜಾಸ್ತಿ. ಆಗ ಪುಡಿ ಕಡಿಮೆಯಾಗಿ ಪಾಕ ಮಿಕ್ಕುತ್ತದೆ, ಗಟ್ಟಿಯಾಗಲೆಂದು ಮತ್ತಷ್ಟು ಕಾಯಿಸಿದರೆ ಬರ್ಫಿ ಕಲ್ಲಾಗುತ್ತದೆ.

‘ಹೆಚ್ಚಿದ’, ‘ತರಿ’, ‘ಪುಡಿ’ ಇವನ್ನೂ ಒಂದಕ್ಕೊಂದು ಬದಲಿಸಬೇಡಿ. ಆಕ್ರೋಟು ನೋಡಿ: ಹೋಳು ಕಪ್ಪಿಗೆ 100 ಗ್ರಾಂ, ಹೆಚ್ಚಿದ್ದು 117, ಪುಡಿ 80. ಹೆಚ್ಚಿದರೆ ಸಂದುಗಳು ತುಂಬಿ ಅಳತೆ ಇಳಿಯುತ್ತದೆ. ಪುಡಿ ಮಾಡಿದರೆ ಗಾಳಿ ಸೇರಿ ಏರುತ್ತದೆ. ಕಪ್ಪನ್ನು ಕುಟ್ಟಿ ತುಂಬಿದರೆ ಈ ಲೆಕ್ಕವೂ ತಪ್ಪುತ್ತದೆ, ಹಾಗಾಗಿ ‘ಒತ್ತದೆ, ಅಂಚಿಗೆ ಸಮ’ ಎಂದು ಒಮ್ಮೆ ಬರೆದಿಡಿ. ‘ನೆನೆಸಿದ ಬಾದಾಮಿ 100 ಗ್ರಾಂ’ ಎನ್ನುವುದರಲ್ಲೂ ಇದೇ ಗೊಂದಲ. ನೀರು ಕುಡಿದ ಬೀಜದ ತೂಕ ಬೇರೆ.

ಇನ್ನೊಂದು ಉತ್ತರ: ಪಾವಿನ ಬಗ್ಗೆ. ಹಳೇ ಮೈಸೂರಿನ ಅಳತೆಯಲ್ಲಿ ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಅಚ್ಚೇರು, ನಾಲ್ಕು ಪಾವು ಸೇರು. ಇವು ತುಂಬಿ ಅಳೆಯುವಂಥವು. ಆದರೆ ‘ಸೇರು’ ತೂಕದ ಹೆಸರೂ ಹೌದು: 80 ತೊಲದ ಸೇರು ಸುಮಾರು 933 ಗ್ರಾಂ, 24 ತೊಲದ ಕಚ್ಚಾ ಸೇರು 280 ಗ್ರಾಂ. ಚಟಾಕಿಗೂ ಹೀಗೇ ಎರಡು ಅರ್ಥ. ತೂಕದಲ್ಲಿ ಅದು 5 ತೊಲ, 58 ಗ್ರಾಂ. 1956ರ ಕಾಯಿದೆ ಮೆಟ್ರಿಕ್ ತಂದರೂ ಪಾವು ಅಡುಗೆಮನೆಯಲ್ಲಿ ಉಳಿದಿದೆ, ಬಳಸಲು ಅಡ್ಡಿಯಿಲ್ಲ. ಒಂದೇ ಷರತ್ತು, ಪಾವು ಎಷ್ಟು ಮಿಲಿ ಎಂದು ಮುನ್ನುಡಿಯಲ್ಲೇ ಹೇಳಿ. ಮನೆಯ ಪಾವು ತಿಳಿಯಲು ನೀರು ತುಂಬಿ ತೂಗಿದರೆ ಸಾಕು: ಎಷ್ಟು ಗ್ರಾಂ ನೀರೋ ಅಷ್ಟು ಮಿಲಿ. 250 ಮಿಲಿ ಬಂದರೆ ಮೇಲಿನ ಬಾದಾಮಿ 143ರ ಬದಲು 149 ಗ್ರಾಂ.

ಕಡಲೆಕಾಯಿಗೆ ಮಾತ್ರ ಎಚ್ಚರ. ನಮ್ಮ ಕಡೆ ‘ಕಡಲೆಕಾಯಿ’ ಸಿಪ್ಪೆಸಹಿತ, ‘ಕಡಲೆಬೀಜ’ ಸುಲಿದದ್ದು. ಉತ್ತರ ಕರ್ನಾಟಕದಲ್ಲಿ ಎರಡಕ್ಕೂ ‘ಶೇಂಗಾ’ ಎನ್ನುವುದುಂಟು. ಪಟ್ಟಿಯಲ್ಲಿ ‘ಶೇಂಗಾ ಬೀಜ’ ಎಂದೇ ಬರೆಯಿರಿ, ಕಪ್ಪಿಗೆ 146 ಗ್ರಾಂ.