ಅಪ್‌ಡೇಟ್: ನನ್ನ ಕೆಂಪು ರಕ್ತಕಣ ಕೊನೆಗೂ ಚಪ್ಪಟೆಯಾಯಿತು

ಕೆಂಪು ರಕ್ತಕಣದ ಪೊರೆಯನ್ನು ಸ್ಪ್ರಿಂಗ್‌ಗಳ ತ್ರಿಕೋನ ಜಾಲವಾಗಿ ತೋರಿಸೋ ನನ್ನ ಕಂಪ್ಯೂಟರ್ ಮಾಡೆಲ್ ಎಷ್ಟು ಓಡಿಸಿದರೂ ಗುಂಡಗೇ ಉಳಿಯುತ್ತೆ, ಮಧ್ಯೆ ಗುಳಿ ಬೀಳ್ತಿಲ್ಲ ಅಂತ ಕೇಳಿದ್ದೆ. ಬಾಗುವಿಕೆಯ ಬಿಗಿತ ಜಾಸ್ತಿ ಆಯ್ತೇನೋ ಅಂತ ಎರಡು ದಿನ ಸುಮ್ನೆ ಅದನ್ನೇ ಕೆದಕಿದೆ. ತಪ್ಪು ಅಲ್ಲಿರಲಿಲ್ಲ.

ಕಣದ ಮೇಲ್ಮೈ ಸುಮಾರು 135 ಚದರ ಮೈಕ್ರಾನ್. ಅಷ್ಟೇ ಮೇಲ್ಮೈಯ ಗೋಳದಲ್ಲಿ ಹೆಚ್ಚುಕಮ್ಮಿ 147 ಫೆಮ್ಟೋಲೀಟರ್ (ಅಂದ್ರೆ ಘನ ಮೈಕ್ರಾನ್) ಹಿಡಿಯುತ್ತೆ. ನಿಜವಾದ ಕಣದಲ್ಲಿ ಇರೋದು 94ರ ಆಸುಪಾಸು. ನನ್ನ ಕೋಡ್ ಶುರುವಿನ ಗೋಳದ ಗಾತ್ರವನ್ನೇ ಗುರಿ ಅಂತ ಇಟ್ಟುಕೊಂಡಿತ್ತು! ತುಂಬಿದ ಬಲೂನಿಗೆ ಗುಳಿ ಎಲ್ಲಿಂದ ಬರಬೇಕು?

ಆ ಗುರಿಯನ್ನು 94ಕ್ಕೆ ಒಂದೇ ಸಲಕ್ಕೆ ಇಳಿಸಿದೆ, ಜಾಲದ ತ್ರಿಕೋನಗಳು ಒಂದರೊಳಗೊಂದು ಸಿಕ್ಕಿಕೊಂಡವು. ನಿಧಾನಕ್ಕೆ ಇಳಿಸಿದರೆ ಬಟ್ಟಲಿನ ಆಕಾರ ಬಂತು, ಗುಳಿ ಒಂದೇ ಕಡೆ. ಸ್ಪ್ರಿಂಗ್‌ಗಳ ಮೂಲ ಉದ್ದ ಗೋಳದ್ದೇ ಆಗಿತ್ತಲ್ಲ, ಅದಕ್ಕೆ. ಆ ಮೂಲ ಆಕಾರವನ್ನು ಸ್ವಲ್ಪ ಚಪ್ಪಟೆ ಮಾಡಿದ ಮೇಲೆ ಎರಡೂ ಕಡೆ ಗುಳಿ ಬಿತ್ತು, ವಡೆ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ.

ಗಾತ್ರ ನೋಡು ಅಂದವರಿಗೆ ಥ್ಯಾಂಕ್ಸ್. ಈಗ 3 ಮೈಕ್ರಾನ್ ಕೊಳವೆಯಲ್ಲಿ ತೂರಿಸಬೇಕು, ಅಲ್ಲಿ ಸಿಕ್ಕಿಕೊಂಡರೆ ಮತ್ತೆ ಬರ್ತೀನಿ.