ಅಪ್‌ಡೇಟ್: ಆನೆ ದಾಳಿಯಲ್ಲಿ ತೀರಿಕೊಂಡ ಅಣ್ಣನ ಪರಿಹಾರ ಬಂತು

ದರಗು (ಕಾಡಿನ ಒಣ ಎಲೆ) ತರಲು ಹೋದ ಅಣ್ಣ ಆನೆ ತುಳಿದು ತೀರಿಕೊಂಡ, ಪರಿಹಾರದ ಫೈಲ್ ಮುಂದೆ ಹೋಗ್ತಿಲ್ಲ, ಏನು ಮಾಡೋದು ಅಂತ ಕೇಳಿದ್ದೆ. ಈಗ ಹಣ ಅತ್ತಿಗೆಯ ಖಾತೆಗೆ ಬಂದಿದೆ.

ಕೆಲಸ ಆಗಿದ್ದು ಉಚಿತವಾಗಿ ವಕೀಲರ ನೆರವು ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ. ಕೋರ್ಟ್ ಆವರಣದಲ್ಲೇ ಇದೆ. ಅಲ್ಲಿಗೆ ಹೋಗಿ ಅಂತ ಸಲಹೆ ಕೊಟ್ಟವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಊರಿನ ಮುಖಂಡರಿಂದ ಫೋನ್ ಮಾಡಿಸಿದ್ದರಿಂದ ಏನೂ ಆಗಲಿಲ್ಲ. ಖಾಸಗಿ ವಕೀಲರ ಫೀಸು ನಮಗೆ ಭಾರ.

ಅಡ್ಡಿ ಇದ್ದದ್ದು ಹೆಸರಲ್ಲಿ. ಮರಣೋತ್ತರ ವರದಿಯಲ್ಲಿ ಅಣ್ಣನ ಹೆಸರಿನ ಜೊತೆ ಅಪ್ಪನ ಹೆಸರೂ ಪೂರ್ತಿ ಇತ್ತು, ಆಧಾರ್‌ನಲ್ಲಿ ಬರೀ ಇನಿಷಿಯಲ್. ಇದನ್ನು ಯಾರೂ ನಮಗೆ ಬಾಯಿಬಿಟ್ಟು ಹೇಳಿರಲಿಲ್ಲ, ಸುಮ್ನೆ ಓಡಾಡಿಸಿದರು. ಸಮಿತಿ ನೇಮಿಸಿದ ವಕೀಲರು ಎರಡೂ ಹೆಸರು ಅಣ್ಣನದ್ದೇ ಅಂತ ಅಫಿಡವಿಟ್ ಮಾಡಿಸಿ, ನಾಡಕಚೇರಿಯ ವಂಶವೃಕ್ಷದ ಜೊತೆ ಕೊಟ್ಟರು. ಕೇಸ್ ಹಾಕುವ ಅಗತ್ಯವೇ ಬರಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಇದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಷ್ಟೇ. ಹಾಗಾಗಿ ಅರ್ಜಿ ಅತ್ತಿಗೆ ಹೆಸರಲ್ಲೇ ಹಾಕಿದೆವು. ಕೋರ್ಟ್ ದೂರ ಇದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಪೊಲೀಸ್ ದೂರು, ಮರಣೋತ್ತರ ವರದಿ ಎರಡರ ಪ್ರತಿಯನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ.