ಕೂದಲು ‘ಸುರುಳಿ ಮಾಡು’, ‘ಗುಂಗುರು ಮಾಡು’, ‘ಸುರುಟು’: ನಿಮ್ಮ ಕಡೆ ಹೇಗೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ನಮ್ಮ ಊರಿನ ಮಹಿಳಾ ಸಂಘದಲ್ಲಿ ಪಾರ್ಲರ್ ಕೆಲಸ ಕಲಿಯುವ ಹುಡುಗಿಯರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆದುಕೊಡುತ್ತಿದ್ದೇನೆ. ಹುಬ್ಬು, ಮೆಹಂದಿ, ಜಡೆಯ ಪಾಠಗಳು ಸಲೀಸಾಗಿ ಮುಗಿದವು. ಕರ್ಲರ್ ಹಿಡಿದು ಮನೆಯಲ್ಲೇ ಕೂದಲು ಸುತ್ತುವ ಪಾಠಕ್ಕೆ ಬಂದಾಗ ಕೈ ನಿಂತಿತು. ಆ ಕೆಲಸಕ್ಕೆ ನಮ್ಮಲ್ಲಿ ಕ್ರಿಯಾಪದ ಯಾವುದು?

ಯಂತ್ರದ ಹೆಸರಿನ ಬಗ್ಗೆ ನನಗೆ ಜಾಸ್ತಿ ತಕರಾರಿಲ್ಲ. ಅಂಗಡಿಯಲ್ಲಿ ಕರ್ಲರ್ ಅಂದರೆ ಕೊಡುತ್ತಾರೆ, ಪಾರ್ಲರಿನಲ್ಲಿ ಟಾಂಗ್ ಅಂತಲೂ ಅನ್ನುತ್ತಾರೆ. ಒಂದು ಆನ್‌ಲೈನ್ ಅಂಗಡಿಯ ಕನ್ನಡ ಪುಟದಲ್ಲಿ ಇಂಗ್ಲಿಷಿನ ‘ಕರ್ಲಿಂಗ್ ಐರನ್’ ಅನ್ನು ಪದಕ್ಕೆ ಪದ ತಿರುಗಿಸಿ ‘ಕರ್ಲಿಂಗ್ ಕಬ್ಬಿಣ’ ಅಂತ ಬರೆದದ್ದನ್ನು ಓದಿದಾಗ ಮಾತ್ರ ಬೇಸರವಾಯಿತು. ಬಟ್ಟೆಗೆ ಉಜ್ಜುವುದನ್ನೇ ನಮ್ಮವರು ಕಬ್ಬಿಣ ಅನ್ನಲಿಲ್ಲ. ಕೆಂಡ ತುಂಬುವ ಪೆಟ್ಟಿಗೆ ಅದು, ಹಾಗಾಗಿ ಇಸ್ತ್ರಿ ಪೆಟ್ಟಿಗೆ ಆಯಿತು. ಕಣ್ಣಿಗೆ ಕಂಡದ್ದೇ ಹೆಸರಿಗೆ ಬಂತು. ಆ ಲೆಕ್ಕದಲ್ಲಿ ಕರ್ಲರ್ ಅಂದರೆ ಕಾಯುವ ಕಡ್ಡಿ, ಜೊತೆಗೆ ಅದುಮಿ ಹಿಡಿಯುವ ಒಂದು ಕ್ಲಿಪ್ಪು. 1870ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮಾರ್ಸೆಲ್ ಗ್ರಾಟೊ ಎಂಬ ಕೇಶಶಿಲ್ಪಿ ಉರಿಯಲ್ಲಿ ಕಾಯಿಸಿದ ಇಕ್ಕಳದಿಂದ ಕೂದಲಿಗೆ ಅಲೆ ತರಿಸಿ ಹೆಸರು ಮಾಡಿದ. ಅಂಥ ಇಕ್ಕಳಗಳನ್ನು ಮೊದಲು ಕಾಗದಕ್ಕೆ ಒತ್ತಿ ಕಾವು ನೋಡುತ್ತಿದ್ದರು. ಕಾಗದ ಕಂದಿದರೆ ಇಕ್ಕಳ ಇನ್ನೂ ಸ್ವಲ್ಪ ಆರಬೇಕು. ಆದರೆ ಇವತ್ತು ಇಕ್ಕಳ ಅಂದರೆ ಓದುವವರಿಗೆ ಒಲೆಯ ಮೇಲಿನ ಪಾತ್ರೆ ಕಣ್ಣಿಗೆ ಬರುತ್ತದೆ. ಅದಕ್ಕೇ ಮಿಕ್ಸಿ, ಫ್ಯಾನಿನ ಹಾಗೆ ಕರ್ಲರ್ ಎಂದೇ ಬರೆದಿದ್ದೇನೆ.

ಕೈ ಮಾಡುವ ಕೆಲಸಕ್ಕೆ ಮಾತ್ರ ನಮ್ಮ ಮಾತು ಬೇಕು ಅನ್ನುವುದು ನನ್ನ ಆಸೆ. ತಲೆ ಬಾಚುತ್ತೇವೆ, ಹಿಕ್ಕುತ್ತೇವೆ, ಸಿಕ್ಕು ಬಿಡಿಸುತ್ತೇವೆ, ಬೈತಲೆ ತೆಗೆಯುತ್ತೇವೆ, ಜಡೆ ಹೆಣೆಯುತ್ತೇವೆ, ತುರುಬು ಕಟ್ಟುತ್ತೇವೆ. ಒಂದೊಂದಕ್ಕೂ ಬೇರೆ ಬೇರೆ ಮಾತಿದೆ. ಇದೊಂದಕ್ಕೆ ಸುಮ್ನೆ ‘ಕರ್ಲ್ ಮಾಡು’ ಅಂತ ಯಾಕೆ ನಿಲ್ಲಬೇಕು?

ನಾಮಪದಗಳಿಗೆ ಬರವಿಲ್ಲ. ಹಳೆಯದು ಕುರುಳು. ಇವತ್ತು ಅದನ್ನು ಬಿಡಿಯಾಗಿ ಆಡುವವರು ಕಡಿಮೆ, ಆದರೆ ಮುಂಗುರುಳಿನಲ್ಲಿ ಗಟ್ಟಿಯಾಗಿ ಕೂತಿದೆ. ಮುಂಗೈ, ಮುಂಗಾರಿನ ಹಾಗೆ ಇಲ್ಲೂ ಕಕಾರ ಗಕಾರವಾಗಿದೆ. ಮರಾಠಿಯವರ ‘ಕುರಳೇ ಕೇಸ್’ ಕೇಳಿದರೆ ನನಗೆ ಈ ಕುರುಳೇ ನೆನಪಾಗುತ್ತದೆ. ಆಮೇಲೆ ಗುಂಗುರು. ಅದರ ಪಕ್ಕದಲ್ಲಿ ಹಿಂದಿಯ ‘ಘುಂಘರಾಲೇ ಬಾಲ್’ ಇಟ್ಟು ನೋಡಿ. ತೆಲುಗರು ‘ಉಂಗರಾಲ ಜುಟ್ಟು’ ಅಂತಾರೆ, ಉಂಗುರ ಉಂಗುರವಾದ ಕೂದಲು ಅಂತ. ಎಷ್ಟು ಚೆಂದದ ಮಾತು ಅಲ್ವಾ! ಮೂರನೆಯದು ಸುರುಳಿ. ತಮಿಳಿನ ‘ಸುರುಟ್ಟೈ ಮುಡಿ’, ಮಲಯಾಳದ ‘ಚುರುಂಡ ಮುಡಿ’ ಇದೇ ಬಳ್ಳಿಯವು.

ಈಗ ಗುಂಗುರು ಮತ್ತು ಸುರುಳಿಯ ನಡುವಿನ ವ್ಯತ್ಯಾಸ ನೋಡಿ. ನನ್ನ ಕಿವಿಗೆ ಗುಂಗುರು ಅಂದರೆ ಹುಟ್ಟಿನಿಂದ ಬಂದದ್ದು. ‘ಅವಳದು ಗುಂಗುರು ಕೂದಲು, ಅಪ್ಪನ ಹಾಗೆ’ ಅಂತೀವಿ. ಶ್ರವಣಬೆಳಗೊಳದ ಗೊಮ್ಮಟನ ತಲೆಯ ತುಂಬ ಕಲ್ಲಿನಲ್ಲಿ ಕಡೆದಿರುವುದೂ ಗುಂಗುರು ಕೂದಲೇ. ಸಾವಿರ ವರ್ಷ ಮಳೆ ಸುರಿದರೂ ಅದು ಹಾಗೇ ಇದೆ. ಸುರುಳಿ ಹಾಗಲ್ಲ. ಸುರುಳಿ ಅಂದ ಮೇಲೆ ಯಾರೋ ಸುತ್ತಿರಬೇಕು. ಸುತ್ತಿದ್ದು ಬಿಚ್ಚಿಕೊಳ್ಳಲೂಬಹುದು. ‘ಸುರುಳಿ ಬಿಚ್ಚಿತು’ ಅನ್ನಬಹುದು, ‘ಗುಂಗುರು ಬಿಚ್ಚಿತು’ ಅಂತ ಯಾರೂ ಅನ್ನುವುದಿಲ್ಲ.

ಕೂದಲಿನ ಒಳಗೆ ನಡೆಯುವುದೂ ಈ ಮಾತಿಗೆ ಸರಿಯಾಗಿ ಹೊಂದುತ್ತದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರೊಳಗಿನ ಹೈಡ್ರೋಜನ್ ಬಂಧಗಳು ಬಿಸಿಗೆ ಸಡಿಲವಾಗುತ್ತವೆ, ಆರುವಾಗ ಕಡ್ಡಿಯ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ತಲೆಗೆ ನೀರು ಬಿದ್ದರೆ ಸುತ್ತಿದ್ದೆಲ್ಲ ಬಿಚ್ಚಿಹೋಗುತ್ತದೆ. ಪರ್ಮಿಂಗ್ ಬೇರೆ. ಅಲ್ಲಿ ಔಷಧಿ ಹಾಕಿ ಗಟ್ಟಿಯಾದ ಗಂಧಕದ ಬಂಧಗಳನ್ನೇ ಒಡೆದು ಕಟ್ಟುತ್ತಾರೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಹಾಗಾಗಿ ಪರ್ಮಿಂಗಿಗೆ ‘ಗುಂಗುರು ಮಾಡಿಸು’, ಕರ್ಲರಿಗೆ ‘ಸುರುಳಿ ಮಾಡು’ ಅಂತ ಬೇರೆ ಬೇರೆ ಇಟ್ಟರೆ ಚೆನ್ನ ಅಂದುಕೊಂಡಿದ್ದೆ. ಅಷ್ಟರಲ್ಲಿ ಮೂರನೆಯ ಮಾತೊಂದು ಅಡ್ಡ ಬಂತು.

ಹೋದ ವರ್ಷ ಅಕ್ಕನ ಮಗಳ ನಿಶ್ಚಿತಾರ್ಥ. ಬೆಳಿಗ್ಗೆ ಆರು ಗಂಟೆಗೆ ನಾನೇ ಅವಳ ಕೂದಲು ಸುತ್ತಲು ಕೂತೆ. ತಲೆಸ್ನಾನ ಮಾಡಿ ಬಂದಿದ್ದಳು. ಮೇಲೆ ಒಣಗಿತ್ತು, ಒಳಗಿನ ಎಳೆ ತಣ್ಣಗೆ ಕೈಗೆ ಹತ್ತುತ್ತಿತ್ತು. ಹೊತ್ತಾಯಿತು ಅಂತ ಕಡ್ಡಿಗೆ ಸುತ್ತಿಬಿಟ್ಟೆ. ಚುಂಯ್ ಅಂದಿತು, ಹಬೆ ಎದ್ದಿತು, ಕೋಳಿಪುಕ್ಕ ಸುಟ್ಟ ಹಾಗೆ ವಾಸನೆ. ಬಿಟ್ಟು ನೋಡಿದರೆ ತುದಿಯ ಎರಡು ಬೆರಳಷ್ಟು ತೆಂಗಿನ ನಾರಿನಂತಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ ‘ಅಯ್ಯೋ, ಕೂದಲು ಸುರುಟಿಹೋಯ್ತಲ್ಲೇ!’ ಅಂದಳು. ಒದ್ದೆ ಕೂದಲಿನೊಳಗಿನ ನೀರು ಕುದಿದು ಹಬೆಯಾದರೆ ಎಳೆಯಲ್ಲಿ ಗುಳ್ಳೆ ಏಳುತ್ತದೆ, ಅಲ್ಲಿಗೆ ಅದು ಮುರಿಯುತ್ತದೆ. ಸುರುಟಿದ ಕೂದಲಿಗೆ ಕತ್ತರಿಯೇ ಗತಿ. ಅವತ್ತು ಅಷ್ಟನ್ನು ಕತ್ತರಿಸಿದೆ. ಮಗು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಕೈಪಿಡಿಯಲ್ಲಿ ‘ಪೂರ್ತಿ ಒಣಗಿದ ಕೂದಲು’ ಅನ್ನುವುದನ್ನು ಮೊದಲ ಸಾಲಿನಲ್ಲೇ ಇಟ್ಟದ್ದು ಅದಕ್ಕೇ.

ನಮ್ಮ ಹಾಸನದ ಕಡೆ ಸುರುಟು ಅಂದರೆ ಹೀಗೇ, ಕೆಟ್ಟದ್ದು. ಬಿಸಿಗೆ ಪ್ಲಾಸ್ಟಿಕ್ ಸುರುಟಿಕೊಳ್ಳುತ್ತದೆ. ಬಿಸಿಲಿಗೆ ಎಲೆ ಸುರುಟಿಕೊಳ್ಳುತ್ತದೆ. ಅದರ ಜೊತೆಯ ಮುರುಟು ಇನ್ನೂ ಕೆಟ್ಟದು, ಮೆಣಸಿನ ಗಿಡದ ಎಲೆಗೆ ರೋಗ ಬಂದಾಗ ಆಡುವ ಮಾತು. ಆದ್ದರಿಂದ ಒಳ್ಳೆಯದಾದರೆ ಸುರುಳಿ, ಕೆಟ್ಟರೆ ಸುರುಟು ಅಂತ ಬರೆದು ಮುಗಿಸಿದ್ದೆ. ಓದಲು ಕೊಟ್ಟಾಗ ಪುತ್ತೂರಿನ ಗೆಳತಿ ಒಪ್ಪಲಿಲ್ಲ. ಅವರ ಮನೆಯಲ್ಲಿ ದಿನ ಬೆಳಗಾದರೆ ಚಾಪೆ ಸುರುಟಿ ಇಡುತ್ತಾರಂತೆ. ಕೆಟ್ಟ ಅರ್ಥ ಏನೂ ಇಲ್ಲ, ಸುತ್ತಿ ಇಡುವುದು ಅಷ್ಟೇ. ‘ಕೂದಲನ್ನು ಕಡ್ಡಿಗೆ ಸುರುಟಬೇಕು ಅಂತ ಬರೆಯಿರಿ, ಒಂದೇ ಮಾತಿನಲ್ಲಿ ಮುಗಿಯಿತಲ್ಲ’ ಅಂದರು.

ಅವರ ಮಾತಿನಲ್ಲಿ ಹುರುಳಿದೆ. ತಮಿಳಿನಲ್ಲೂ ಸುರುಟ್ಟು ಅಂದರೆ ಸುತ್ತು. ಸುತ್ತಿದ ಹೊಗೆಸೊಪ್ಪಿಗೂ ಅದೇ ಹೆಸರು, ಇಂಗ್ಲಿಷಿನ ಚೆರೂಟ್ ಬಂದದ್ದು ಅಲ್ಲಿಂದಲೇ. ‘ಸುರುಳಿ ಮಾಡು’ ಎರಡು ಪದ, ‘ಸುರುಟು’ ಒಂದೇ ಪದ, ಅಚ್ಚ ಕ್ರಿಯಾಪದ. ಸುರುಟಿ, ಸುರುಟಿದ, ಸುರುಟುವಾಗ ಅಂತ ಹೇಗೆ ಬೇಕಾದರೂ ಬಾಗುತ್ತದೆ. ಆದರೆ ಹಾಸನದ ಹುಡುಗಿ ‘ಕೂದಲು ಸುರುಟಿ’ ಅಂತ ಓದಿದರೆ ಸುಡು ಅಂತ ತಿಳಿಯುತ್ತಾಳಲ್ಲ, ಅದೇ ನನ್ನ ಭಯ. ಇಲ್ಲಿ ಪದ ತಪ್ಪಿದರೆ ಯಾರದೋ ಕೂದಲು ಹೋಗುತ್ತದೆ.

ಸದ್ಯಕ್ಕೆ ಬರೆದಿಟ್ಟ ಭಾಗ ಹೀಗಿದೆ:

‘ಕೂದಲು ಪೂರ್ತಿ ಒಣಗಿರಲಿ. ಸಿಕ್ಕು ಬಿಡಿಸಿ, ಒಂದು ಬೆರಳಗಲದ ಎಳೆ ತೆಗೆದುಕೊಳ್ಳಿ. ತೆಳು ಕೂದಲಿಗೆ 150 ಡಿಗ್ರಿ ಸಾಕು. ದಪ್ಪ ಕೂದಲಿಗೂ 200 ದಾಟಬೇಡಿ. ಎಳೆಯನ್ನು ಕಡ್ಡಿಗೆ ಸುತ್ತಿ ಎಂಟು ಎಣಿಸಿ. ಮುಖದ ಪಕ್ಕದ ಎಳೆಯನ್ನು ಮುಖದಿಂದ ಆಚೆಗೆ ಸುತ್ತಿ. ಬಿಟ್ಟ ಮೇಲೆ ಸುರುಳಿಯನ್ನು ಅಂಗೈಯಲ್ಲಿ ಹಿಡಿದು ಆರಲು ಬಿಡಿ. ಬಿಸಿ ಇರುವಾಗ ಬಾಚಿದರೆ ಸುರುಳಿ ಬಿಚ್ಚಿಹೋಗುತ್ತದೆ.’

ಇಲ್ಲಿ ಎರಡು ಕಡೆ ‘ಸುತ್ತಿ’ ಅಂತ ಹಾಕಿ ತಪ್ಪಿಸಿಕೊಂಡಿದ್ದೇನೆ. ಸುತ್ತುವುದು ಕೆಲಸದ ಒಂದು ಭಾಗ ಅಷ್ಟೇ. ಕಾಯಿಸಿ, ಸುತ್ತಿ, ಆರಿಸಿ, ಆಕಾರ ನಿಲ್ಲಿಸುವ ಇಡೀ ಕೆಲಸಕ್ಕೆ ಒಂದು ಮಾತು ಬೇಕು, ಪಾಠದ ತಲೆಬರಹಕ್ಕೆ.

ಕೇಳುವುದು ಇಷ್ಟು. ನಿಮ್ಮ ಊರಲ್ಲಿ ಸುರುಟು ಅಂದರೆ ಬರೀ ಸುತ್ತುವುದೋ, ಕೆಟ್ಟುಹೋಗುವುದೋ? ಚಾಪೆಗೆ ಆಡುವ ಮಾತನ್ನು ಕೂದಲಿಗೂ ಆಡುತ್ತೀರಾ? ಧಾರವಾಡ, ಕಲಬುರಗಿ ಕಡೆಯವರು, ಕುಂದಾಪುರದವರು, ಮನೆಯಲ್ಲಿ ಅಜ್ಜಿ ಇದ್ದರೆ ದಯವಿಟ್ಟು ಅವರನ್ನೂ ಕೇಳಿ. ಬಟ್ಟೆಯ ಚೂರು ಕಟ್ಟಿ ರಾತ್ರಿಯಿಡೀ ಕೂದಲು ಸುತ್ತಿಟ್ಟು ಬೆಳಿಗ್ಗೆ ಬಿಚ್ಚುತ್ತಿದ್ದವರು ಆ ಕೆಲಸವನ್ನು ಏನಂತ ಕರೆಯುತ್ತಿದ್ದರು? ಅವರು ಆಡಿದ ವಾಕ್ಯವನ್ನು ಇದ್ದ ಹಾಗೇ, ಊರಿನ ಹೆಸರಿನ ಜೊತೆ ಬರೆದು ಕಳಿಸಿ. ಕೈಪಿಡಿ ಅಚ್ಚಿಗೆ ಹೋಗಲು ಇನ್ನು ಮೂರು ವಾರ ಇದೆ.